ಸಣ್ಣೀರಮ್ಮನ ಗಂಟು

ಕಂಬಳಿಯ ಒಂದು ಮೂಲೆಯನ್ನು ನಾನು ಕಿಟಕಿಯ ಸರಳಿಗೆ ಕಟ್ಟಿದೆ, ಇನ್ನೊಂದು ಮೂಲೆಯನ್ನು ಅಜ್ಜ ಕಟ್ಟಿದ. ಮೇಲಿನದು ಮುಗಿದ ಮೇಲೆ ಕೆಳಗಿನ ಮೂಲೆಗಳನ್ನು ಎಳೆದು ಬಿಗಿದೆವು. ಕಂಬಳಿಯ ನಡುವೆ ಇಲಿ ಕಡಿದ ತೂತೊಂದಿತ್ತು. ಅದಕ್ಕೆ ಹಳೇ ರವಿಕೆಯ ತುಂಡನ್ನು ಸುರುಳಿ ಮಾಡಿ ತುರುಕಿದೆ. ಕೋಣೆ ಕತ್ತಲಾಯಿತು. ಹೊರಗೆ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ಅಜ್ಜ ಮಂಚದ ಮೇಲೆ ಕಾಲು ಚಾಚಿ, ಟವೆಲ್ಲನ್ನು ಕಣ್ಣಿನ ಮೇಲೆ ಎಳೆದುಕೊಂಡ. ನಾನು ಬಾಗಿಲ ಬಳಿ ಉಸಿರು ಹಿಡಿದು ನಿಂತೆ. ಆಗ ಹೆಂಚಿನ ಸಂದುಗಳಿಂದ ಬೆಳಕು ಒಳಗೆ ಸುರಿಯಿತು. ರೆಪ್ಪೆ ಬಡಿಯುವಷ್ಟು ಹೊತ್ತು ಕೋಣೆಯೆಲ್ಲ ಸುಣ್ಣ ಬಳಿದಂತೆ ಬೆಳ್ಳಗಾಯಿತು. ಟವೆಲ್ಲಿನ ಎಳೆ ಎಳೆ ಕಂಡಿತು, ಅದರ ಕೆಳಗೆ ಅಜ್ಜನ ತೆರೆದ ಕಣ್ಣು ಕೂಡ ಕಂಡಿತು.

"ಎದ್ದಳು," ಎಂದ ಅಜ್ಜ.

ಮತ್ತೆ ಕತ್ತಲಾಯಿತು. ಅವನು ಎದ್ದು ಕೂತ. ನಾನು ಕಂಬಳಿಯನ್ನು ಬಿಚ್ಚಲಿಲ್ಲ. ಬೆಳಕು ಬರುವುದು ಕಿಟಕಿಯಿಂದ ಅಲ್ಲ ಎಂದು ನಮಗಿಬ್ಬರಿಗೂ ಮೊದಲೇ ಗೊತ್ತಿತ್ತು. ಆದರೂ ಏನಾದರೊಂದು ಮಾಡಬೇಕಲ್ಲ.

ನಮ್ಮೂರಿನಲ್ಲಿ ಯಾರು ಸತ್ತರೂ ಮೊದಲು ಸಿಡಿಬೆಳಕು ಬರುತ್ತದೆ. ಕೊನೆಯ ಉಸಿರು ಹೋದ ಸ್ವಲ್ಪ ಹೊತ್ತಿಗೆ, ಅವರು ಮಲಗುತ್ತಿದ್ದ ಜಾಗಕ್ಕೆ ನೇರವಾಗಿ, ಮಾಡಿನ ಮೇಲೆ ಆ ಬೆಳಕು ಒಡೆಯುತ್ತದೆ. ಕೆಲವರದು ಬೆಂಕಿಕಡ್ಡಿ ಗೀರಿದಷ್ಟು. ಕೆಲವರದು ಇಡೀ ಬೀದಿಯ ಕೋಳಿಗಳು ಬೆಳಗಾಯಿತೆಂದು ಕೂಗುವಷ್ಟು. ಆಮೇಲೆ ಮಿಂಚುಗಳ ಕಾಲ. ಸತ್ತವರು ಬದುಕಿದ್ದಾಗ ಕಂಡುಕೊಂಡ ಯಾವುದನ್ನೇ ಆಗಲಿ ಊರಿನವರು ಅವರ ಹೆಸರು ಹಿಡಿದು ಹೇಳಿದಾಗಲೆಲ್ಲ ಅದೇ ಜಾಗದಲ್ಲಿ ಒಂದು ಮಿಂಚು. ಬಳಸುವಾಗ ಹೆಸರು ಹೇಳದೆ ಇರುವ ಹಾಗಿಲ್ಲ. ಹುಳಿ ಬಡಿಸುವಾಗ "ಇದು ರೇವಕ್ಕನ ಹುಳಿ" ಎನ್ನಬೇಕು. ಕ್ಷೌರದವನು ಕತ್ತರಿ ಎತ್ತುವ ಮೊದಲು "ಇದು ಕೊಟ್ರಪ್ಪನ ಕಟಿಂಗು" ಎನ್ನಬೇಕು. ಅನ್ನದಿದ್ದರೆ ಕೈ ಒರೆಸಿಕೊಳ್ಳುವಷ್ಟರಲ್ಲಿ ನಾಲಿಗೆಯ ಮೇಲೆ ಬೊಕ್ಕೆ ಏಳುತ್ತದೆ. ಬೇರೆ ಊರಿನಿಂದ ಬಂದ ಸೊಸೆಯರು ಮೊದಲ ತಿಂಗಳನ್ನು ಮಜ್ಜಿಗೆ ಅನ್ನದಲ್ಲೇ ಕಳೆಯುತ್ತಾರೆ. ಆಮೇಲೆ ಅವರ ಬಾಯಿಗೂ ಹೆಸರುಗಳು ರೂಢಿಯಾಗುತ್ತವೆ. ಮನೆಯವರಿಗೆ ಮಾತ್ರ ಇದು ಯಾವುದೂ ಅನ್ವಯಿಸುವುದಿಲ್ಲ. ತಮ್ಮ ಮನೆಯ ಹಿರಿಯರ ಹೆಸರನ್ನು ಎಷ್ಟು ಸಲ ಹೇಳಿದರೂ ಮಿಂಚಿಲ್ಲ, ಹೇಳದಿದ್ದರೂ ಬೊಕ್ಕೆ ಇಲ್ಲ.

ಅದಕ್ಕೇ ಮೇಲಿನ ಬೀದಿಯಲ್ಲಿ ಎರಡು ಮನೆಯವರು ಒಳಗೊಳಗೇ ಒಪ್ಪಂದ ಮಾಡಿಕೊಂಡಿದ್ದರು. ನೀವು ನಮ್ಮ ಮಾವನ ಚಟ್ನಿ ಅರೆಯಿರಿ, ನಾವು ನಿಮ್ಮ ಅತ್ತೆಯ ಸಂಡಿಗೆ ಕರಿಯುತ್ತೇವೆ ಎಂದು. ದಿನವೂ ಚಟ್ನಿ, ದಿನವೂ ಸಂಡಿಗೆ. ಎರಡೂ ಮಾಡು ಮಿನುಗುತ್ತಿದ್ದವು, ಎರಡೂ ಮನೆಯವರಿಗೆ ಹೊಟ್ಟೆ ಕೆಟ್ಟಿತ್ತು.

ಬೆಳಕನ್ನು ಅಳೆಯುವವರು ಕಟ್ಟೆಯ ಮೇಲೆ ಕೂರುತ್ತಾರೆ. ಬಸ್ಸಿನ ಕೆಲಸದಿಂದ ನಿವೃತ್ತರಾದ ಕಂಡಕ್ಟರ್ ಪರಪ್ಪ ಒಬ್ಬರು, ಬಟ್ಟೆ ಹೊಲಿಯುವ ಹಮೀದಾಬಿ ಇನ್ನೊಬ್ಬರು. ಪರಪ್ಪನವರು ಒಂದು ಮಿಂಚಿಗೆ ಒಂದು ಹುಣಸೆಬೀಜವನ್ನು ಚೀಲಕ್ಕೆ ಹಾಕುತ್ತಾರೆ. ಹಮೀದಾಬಿಗೆ ಅದು ಸರಿಬರುವುದಿಲ್ಲ. "ಒಂದೇ ಬಾಯಿ ನೂರು ಸಲ ಹೇಳಿದ್ರೆ ಅದು ನೂರಾಗ್ತದೇನ್ರಿ ಪರಪ್ಪಣ್ಣ? ಎಷ್ಟು ಬಾಯಿ ಅಂತ ನೋಡ್ರಿ," ಎನ್ನುತ್ತಾರೆ. "ಬಸ್ಸಿಗೆ ಒಬ್ಬನೇ ದಿನಾ ಹತ್ತಿದ್ರೂ ದಿನಾ ಟಿಕೆಟ್ಟೇ ಕಣಮ್ಮ," ಎನ್ನುತ್ತಾರೆ ಪರಪ್ಪ. ಗಂಡ ಹೆಂಡತಿ ಸೇರಿ ಕಂಡುಕೊಂಡ ಅಲಸಂದೆ ವಡೆಯ ಮಿಂಚನ್ನು ಯಾರ ಚೀಲಕ್ಕೆ ಹಾಕಬೇಕೆಂದು ಅವರಿಬ್ಬರೂ ಒಂದು ಬೇಸಿಗೆಯೆಲ್ಲ ಜಗಳವಾಡಿದ್ದರು. ಈ ಅಳತೆ ಬರೀ ಹೆಮ್ಮೆಗಲ್ಲ. ಯಾವ ಬೀದಿಯಲ್ಲಿ ಮಿಂಚು ಹೆಚ್ಚೋ ಆ ಬೀದಿಗೆ ನಲ್ಲಿ ನೀರು ಮೊದಲು ಬಿಡುತ್ತಾರೆ.

ನನ್ನ ಜೊತೆ ಓದಿದ ಹುಡುಗಿಯೊಬ್ಬಳು ಹೇಳಿದ್ದಳು, ದೊಡ್ಡ ನಕ್ಷತ್ರ ಸಾಯುವಾಗಲೂ ಹೀಗೇ ಆಗುತ್ತದಂತೆ. ಗಾಮಾ ಕಿರಣಗಳು ಒಮ್ಮೆಗೇ ಸಿಡಿದು, ಎಲ್ಲ ಮುಗಿಯಿತು ಎಂದುಕೊಂಡ ಮೇಲೂ ಮತ್ತೆ ಮತ್ತೆ ಭುಗಿಲೇಳುತ್ತವಂತೆ. ಆ ಪಾಠ ಪುಸ್ತಕದ ಕೊನೆಯಲ್ಲಿತ್ತು. ಅಲ್ಲಿಗೆ ತಲುಪುವ ಮೊದಲೇ ನಾನು ಶಾಲೆ ಬಿಟ್ಟಿದ್ದೆ. ನಕ್ಷತ್ರದ ಮನೆಯವರು ಏನು ಮಾಡುತ್ತಾರೆ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ.

ನಮ್ಮಜ್ಜಿ ಸಣ್ಣೀರಮ್ಮ ಕಂಡುಕೊಂಡದ್ದು ಒಂದು ಗಂಟು. ಎಷ್ಟು ಎಳೆದರೂ ಜಾರದು, ಬಾಲ ಹಿಡಿದು ಒಮ್ಮೆ ಜಗ್ಗಿದರೆ ಸರ್ರನೆ ಬಿಚ್ಚಿಕೊಳ್ಳುತ್ತದೆ. ಬಾವಿಯ ಹಗ್ಗಕ್ಕೆ ಕೊಡ ಕಟ್ಟುವುದಕ್ಕೆ, ಮಂಡಕ್ಕಿ ಮೂಟೆಗೆ, ಎಮ್ಮೆಯ ಕೊರಳ ಹಗ್ಗಕ್ಕೆ, ಕೂಸಿನ ಸೀರೆ ಜೋಲಿಗೆ, ಎಲ್ಲಕ್ಕೂ ಅದೇ. ಮೊದಮೊದಲು ಜನಕ್ಕೆ ಅದು ಬರುತ್ತಿರಲಿಲ್ಲ. ಅದಕ್ಕೇ ಕರೆಯುತ್ತಿದ್ದರು. "ಸಣ್ಣೀರಕ್ಕಾ, ಒಂಚೂರು ಬಂದು ಕಟ್ಟಿಕೊಡೇ." ಅಜ್ಜಿಗೆ ಜೀವನದಲ್ಲಿ ಇದ್ದ ಆಸೆ ಒಂದೇ: ಊಟವಾದ ಮೇಲೆ ಅರೆಗಳಿಗೆ ಮಲಗಬೇಕು. ಚಾಪೆ ಹಾಸುತ್ತಿದ್ದಳು, ತಲೆಗೆ ಕೈ ಮಡಿಸಿ ಇಟ್ಟುಕೊಳ್ಳುತ್ತಿದ್ದಳು, ಆಗ ಬೀದಿಯಿಂದ ಯಾರಾದರೂ ಕೂಗುತ್ತಿದ್ದರು. ಅವಳು ಎದ್ದು ಹೋಗುತ್ತಿದ್ದಳು. ಕೊನೆಕೊನೆಗೆ ಅವಳಿಗೆ ಮಂಡಿ ಹಿಡಿದಾಗ ಕೈಹಿಡಿದು ನಡೆಸುವುದಕ್ಕೆ ಯಾರಾದರೂ ಬೇಕಾಯಿತು. ನಾನು ಶಾಲೆ ಬಿಟ್ಟದ್ದು ಆಗಲೇ. ಬಿಟ್ಟದ್ದಕ್ಕೆ ನನಗೇನೂ ಬೇಸರವಿರಲಿಲ್ಲ. ಅಲ್ಲಿ ಎದ್ದು ನಿಂತು ಉತ್ತರ ಹೇಳಬೇಕಿತ್ತು. ಅಜ್ಜಿಯ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿದರೆ ಸಾಕಿತ್ತು.

ಅವಳು ಹೋದ ದಿನದ ಸಿಡಿಬೆಳಕನ್ನು ನೋಡಿದವರು ಇವತ್ತಿಗೂ ಮರೆತಿಲ್ಲ. ಸಂಜೆ ದೀಪ ಹಚ್ಚುವ ಹೊತ್ತು. ನಮ್ಮ ಮಾಡಿನಿಂದ ಎದ್ದ ಬೆಳಕಿಗೆ ಕೆರೆಯಾಚೆಯ ಗುಡ್ಡದ ಕಲ್ಲು ಕಲ್ಲಿಗೂ ನೆರಳು ಬಿದ್ದಿತು. ಪರಪ್ಪನವರು ಕಟ್ಟೆಯ ಮೇಲೆ ಎದ್ದು ನಿಂತು ಟೋಪಿ ತೆಗೆದರಂತೆ. ಮಾರನೆಯ ಬೆಳಿಗ್ಗೆಯಿಂದ ಮಿಂಚು ಶುರುವಾಯಿತು. ನಸುಕಿನಲ್ಲಿ ಹೆಂಗಸರು ಬಾವಿಗೆ ಕೊಡ ಇಳಿಸುವಾಗ ಪಟಪಟನೆ. ಹೊತ್ತೇರಿದ ಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಮೂಟೆ ಕಟ್ಟುವಾಗ ಒಂದರ ಹಿಂದೊಂದು. ಮಧ್ಯಾಹ್ನ ಕೂಸುಗಳನ್ನು ಮಲಗಿಸುವ ಹೊತ್ತಿನಲ್ಲಂತೂ ಬಿಡುವೇ ಇಲ್ಲ. ನಮ್ಮ ಬೀದಿಗೆ ನೀರು ಮೊದಲು ಬರತೊಡಗಿತು. ಪಕ್ಕದ ಮನೆಯ ಹಾಲಮ್ಮತ್ತೆ ಕೊಡ ಹೊತ್ತು ಹೋಗುವಾಗ ನಮ್ಮ ಮಾಡಿಗೆ ಕೈಮುಗಿದು ಹೋಗುತ್ತಿದ್ದಳು.

ಅವ್ವ ಹಿಗ್ಗಿ ಹೀರೇಕಾಯಿಯಾಗಿದ್ದಳು. ಭಟ್ಟಿಯಲ್ಲಿ ಮಂಡಕ್ಕಿ ಹುರಿಯುವ ಕೆಲಸ ಅವಳದು. ಅಲ್ಲಿ ಮೂಟೆ ಕಟ್ಟುವವರೆಲ್ಲ ಅವಳ ತಾಯಿಯ ಹೆಸರು ಹೇಳುತ್ತಿದ್ದರು. ಅವಳು ಹಿಗ್ಗುವುದಕ್ಕೆ ಇನ್ನೊಂದು ಕಾರಣವೂ ಇತ್ತು. ನನ್ನ ಅಪ್ಪ ನಾನು ಎದೆಹಾಲು ಕುಡಿಯುವಾಗಲೇ ತೀರಿಕೊಂಡವನು. ಅವನ ಸಿಡಿಬೆಳಕು ಮಿಣುಕುಹುಳುವಿನಷ್ಟೇ ಇತ್ತಂತೆ. ಅವನು ಕಂಡುಕೊಂಡದ್ದು ಹಲಸಿನ ಎಲೆ ಮಡಿಸಿ ಪೀಪಿ ಊದುವ ಒಂದು ಬಗೆ, ಅಷ್ಟೇ. ಅವನು ಮಲಗುತ್ತಿದ್ದ ಹಿತ್ತಿಲ ಕಡೆಯ ಸೂರಿನ ಮೇಲೆ ಎಲ್ಲೋ ಹಬ್ಬಕ್ಕೊಮ್ಮೆ ಹುಣ್ಣಿಮೆಗೊಮ್ಮೆ ಒಂದು ಸಣ್ಣ ಹಳದಿ ಮಿಂಚು ಬರುತ್ತಿತ್ತು. ಯಾರೋ ದನ ಕಾಯುವವರು ಪೀಪಿ ಊದಿರಬೇಕು. ಅದು ಬಂದಾಗ ಅವ್ವ ಕೈಯಲ್ಲಿದ್ದುದನ್ನು ಕೆಳಗಿಟ್ಟು ಹಿತ್ತಿಲಿಗೆ ಓಡುತ್ತಿದ್ದಳು. ಅಷ್ಟು ಹೊತ್ತಿಗೆ ಅದು ಆರಿರುತ್ತಿತ್ತು. ಮಿಂಚು ನಿಂತರೆ ಹೋದವರು ನಿಜವಾಗಿ ಹೋದಂತೆ ಎಂದು ಅವಳು ನಂಬಿದ್ದಳು.

ಅಜ್ಜನಿಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ಪ್ರತಿ ಮಿಂಚಿಗೂ "ಎದ್ದಳು" ಎನ್ನುತ್ತಿದ್ದ. "ಈಗಷ್ಟೇ ಮಲಗಿದ್ಳು, ಎಬ್ಬಿಸಿದ್ರು ನೋಡು." ಅವನು ಉಣ್ಣುವುದು ಕಡಿಮೆಯಾಯಿತು. ನಿದ್ದೆಯಂತೂ ದೂರವೇ ಉಳಿಯಿತು. ತೊಡೆಯ ಮೇಲೆ ಕೈ ಇಟ್ಟುಕೊಂಡು ಮಾಡು ನೋಡುತ್ತ ಕೂರುತ್ತಿದ್ದ, ರೈಲು ತಪ್ಪಿದವರು ಕೂರುವ ಹಾಗೆ. ಅವನ ಕೆನ್ನೆ ಒಳಗಿಳಿಯಿತು. ಸೊಂಟದ ಉಡಿದಾರ ಜಾರುತ್ತಿತ್ತು. ನಾನು ನೋಡುತ್ತಿದ್ದೆ, ಅವ್ವನಿಗೆ ಹೇಳಲು ಧೈರ್ಯವಾಗುತ್ತಿರಲಿಲ್ಲ.

ಕಂಬಳಿ ಕಟ್ಟಿದ ಮಾರನೆಯ ದಿನ ನಾನು ನೀರು ತುಂಬಿ ಬಂದಾಗ ಅಜ್ಜ ಮಂಚದ ಮೇಲಿರಲಿಲ್ಲ. ಹಿತ್ತಿಲಲ್ಲಿ ಏಣಿ ಮಾಡಿಗೆ ಒರಗಿತ್ತು. ಮೇಲೆ ನೋಡಿದರೆ ಅಜ್ಜ ಹೆಂಚಿನ ಮೇಲೆ ಮಂಡಿಯೂರಿ ಅಜ್ಜಿಯ ಹಳೇ ದುಪ್ಪಟಿಯನ್ನು ನೀರಲ್ಲಿ ಅದ್ದಿ ಹರಡುತ್ತಿದ್ದ. ಅಂಚು ಗಾಳಿಗೆ ಏಳದ ಹಾಗೆ ಒಂದೊಂದೇ ಕಲ್ಲು ಇಡುತ್ತಿದ್ದ. ಅವನ ಕಾಲಡಿಯಲ್ಲಿ ಹೆಂಚು ಕಿರುಗುಟ್ಟಿತು. ಕೊಡ ಇಟ್ಟು ಏಣಿ ಹತ್ತಿದೆ. ನಾನು ಅವನ ಪಾದ ಹಿಡಿದುಕೊಳ್ಳುವಾಗಲೇ ಮಿಂಚು ಬಂತು. ಅಷ್ಟು ಹತ್ತಿರದಿಂದ ನಾನು ಅದನ್ನು ನೋಡಿರಲಿಲ್ಲ. ದುಪ್ಪಟಿ ಒಳಗಿನಿಂದ ಹೊತ್ತಿದಂತೆ ಬೆಳಗಿತು, ಅದರ ಹೂವುಗಳೆಲ್ಲ ಆಕಾಶಕ್ಕೆ ಎದ್ದಂತಾಯಿತು. ಅಜ್ಜ ಅದರ ಮೇಲೆ ಅಂಗೈ ಇಟ್ಟು ಮಗುವಿಗೆ ತಟ್ಟುವ ಹಾಗೆ ತಟ್ಟಿದ.

ಕೆಳಗಿಳಿಸಿದ ಮೇಲೆ ಅವನು ಏಣಿಯ ಬುಡದಲ್ಲೇ ಕೂತ. "ಬದುಕಿದ್ದಾಗ ಮಲಗಲಿಲ್ಲ. ಈಗಾದ್ರೂ ಬಿಡಬಾರ್ದಾ?" ಎಂದ. ಆಮೇಲೆ ನನ್ನ ಮುಖ ನೋಡಿ, "ಕೆಂಚೀ, ಜನಕ್ಕೆ ಹೇಳವ್ವ. ಸ್ವಲ್ಪ ದಿನ ಅವಳ ಹೆಸರು ಎತ್ತಬ್ಯಾಡಿ ಅಂತ. ನಾನು ಕೈಮುಗೀತೀನಿ ಅಂತ ಹೇಳು," ಎಂದ.

ಜನಕ್ಕೆ ಹೇಳುವುದೆಂದರೆ ನನಗೆ ಬಾವಿಗೆ ಬಿದ್ದ ಹಾಗೆ. ಆದರೆ ಏಣಿ ಇನ್ನೂ ಮಾಡಿಗೆ ಒರಗಿತ್ತು, ಅದನ್ನು ನೋಡಿ ಹೊರಟೆ. ಕಟ್ಟೆಯ ಬಳಿ ಹೋಗಿ ಹುಣಸೆಮರದ ಹಿಂದೆ ನಿಂತೆ. ಹಮೀದಾಬಿಯೇ ನನ್ನನ್ನು ನೋಡಿ, "ಯಾರ್ರೀ ಅದು ಮರಕ್ಕೆ ಅಂಟಿಕೊಂಡಿರೋದು? ನಮ್ಮ ಸಣ್ಣೀರಮ್ಮನ ಮೊಮ್ಮಗಳಲ್ವಾ? ಬಾ ಬೇಟಿ," ಎಂದು ಕರೆದರು. ನಾನು ಹೇಳಬೇಕಾದ್ದನ್ನು ನನ್ನ ಕಾಲ್ಬೆರಳಿಗೆ ಹೇಳಿದೆ. ಪರಪ್ಪನವರಿಗೆ ಕೇಳಿಸಲಿಲ್ಲ, ಹಮೀದಾಬಿ ಅದನ್ನೇ ಅವರಿಗೆ ದಾಟಿಸಿದರು.

ಪರಪ್ಪ ಒಳ್ಳೆಯ ಮನುಷ್ಯ. ಅಜ್ಜ ಮಾಡು ಹತ್ತಿದ ಸುದ್ದಿ ಕೇಳಿ ಅವರ ಕಣ್ಣು ಒದ್ದೆಯಾಯಿತು. "ಇಷ್ಟೇ ತಾನೆ? ಇವತ್ತೇ ಊರಿಗೆಲ್ಲ ಸಾರಿಸ್ತೀನಿ," ಎಂದರು. ಆಟೋ ಒಂದಕ್ಕೆ ಮೈಕು ಕಟ್ಟಿಸಿ ತಾವೇ ಕೂತರು. ಬಸ್ಸಿನಲ್ಲಿ ಊರುಗಳ ಹೆಸರು ಕೂಗಿ ಪಳಗಿದ ಗಂಟಲು. "ಸಮಸ್ತ ನಾಗರಿಕರ ಗಮನಕ್ಕೆ! ಇನ್ನು ಮುಂದೆ ಸಣ್ಣೀರಮ್ಮನ ಗಂಟು ಕಟ್ಟುವಾಗ ಯಾರೂ ಸಣ್ಣೀರಮ್ಮನ ಗಂಟು ಎಂದು ಹೇಳಬಾರದು! ಮತ್ತೊಮ್ಮೆ! ಸಣ್ಣೀರಮ್ಮನ ಗಂಟನ್ನು ಸಣ್ಣೀರಮ್ಮನ ಗಂಟು ಎಂದು..."

ಆ ದಿನದ ಹಾಗೆ ನಮ್ಮ ಮಾಡು ಎಂದೂ ಉರಿದಿರಲಿಲ್ಲ. ಆಟೋ ಒಂದೊಂದು ಬೀದಿ ದಾಟಿದಂತೆ ಮಿಂಚಿನ ಮೇಲೆ ಮಿಂಚು. ಹಿಂದೆ ಓಡುವ ಮಕ್ಕಳೆಲ್ಲ ಅದನ್ನೇ ಹಾಡು ಮಾಡಿಕೊಂಡವು. ಬಾವಿಕಟ್ಟೆಯಲ್ಲಿ ಹೆಂಗಸರು ಒಬ್ಬರಿಗೊಬ್ಬರು, "ಸಣ್ಣೀರಮ್ಮನ ಗಂಟು ಅನ್ನಬಾರದಂತೆ ಕಣೇ," "ಏನನ್ನಬಾರದಂತೆ?" "ಅದೇ, ಸಣ್ಣೀರಮ್ಮನ ಗಂಟು ಅಂತ," ಎಂದು ಕಾಳಜಿಯಿಂದ ತಿಳಿಸಿಕೊಂಡರು. ಮರೆತೇಬಿಟ್ಟಿದ್ದವರಿಗೂ ನೆನಪಾಯಿತು. ನಮ್ಮ ಕೋಳಿಗಳು ಹಗಲು ಯಾವುದು ರಾತ್ರಿ ಯಾವುದು ತಿಳಿಯದೆ ಗೂಡಿಗೂ ಅಂಗಳಕ್ಕೂ ಓಡಾಡಿದವು. ಅಜ್ಜ ಎರಡೂ ಕೈಯಲ್ಲಿ ತಲೆ ಹಿಡಿದು ಕೂತಿದ್ದ. "ಎದ್ದಳು" ಎನ್ನುವುದಕ್ಕೂ ಅವನಿಗೆ ಪುರುಸೊತ್ತಿರಲಿಲ್ಲ.

ಸಂಜೆ ಪರಪ್ಪನವರೇ ಬಂದು ಬಾಗಿಲಲ್ಲಿ ನಿಂತರು. ದನಿಯೇ ಉಡುಗಿತ್ತು. "ತಪ್ಪಾಯ್ತು ಓಬಳಪ್ಪಣ್ಣ. ಅಳೆಯೋಕಷ್ಟೇ ನಂಗೆ ಬರೋದು, ನಿಲ್ಲಿಸೋಕೆ ಬರಲ್ಲ." ಅಜ್ಜ ಅವರಿಗೆ ನೀರು ಕೊಡು ಎಂದು ನನಗೆ ಸನ್ನೆ ಮಾಡಿದ.

ಅದಾದ ಕೆಲವು ದಿನಕ್ಕೆ ಹಾಲಮ್ಮತ್ತೆ ಮಗಳ ಕೂಸನ್ನು ಜೋಲಿಗೆ ಹಾಕಬೇಕು, ಸೀರೆಯ ಒಂದು ತುದಿ ಹಿಡಿದುಕೋ ಬಾ ಎಂದು ನನ್ನನ್ನು ಕರೆದಳು. ಅವಳ ಬಾಯಿ ತುಂಬ ಎಲೆಅಡಿಕೆ ಇತ್ತು. ತೊಲೆಗೆ ಸೀರೆ ಬಳಸಿ ಗಂಟು ಹಾಕಿದಳು, "ಉಂ ಉಂ" ಎಂದಳು, ಉಗುಳುವುದಕ್ಕೆ ಎದ್ದು ಹೋಗುವಷ್ಟರಲ್ಲಿ ಕೂಸು ಅತ್ತಿತು, ತೂಗುತ್ತ ಕೂತುಬಿಟ್ಟಳು. ಹೆಸರು ಹೇಳುವುದು ಮರೆತೇ ಹೋಯಿತು. ನಾನು ಅವಳ ಬಾಯನ್ನೇ ನೋಡುತ್ತ ನಿಂತೆ. ಈಗ ಬೊಕ್ಕೆ ಏಳುತ್ತದೆ, ಈಗ ಕೂಗುತ್ತಾಳೆ ಎಂದುಕೊಂಡೆ. ಅವಳು ಆರಾಮಾಗಿ ಎಲೆಅಡಿಕೆ ಅಗಿದಳು. ಸುಣ್ಣ ಹಚ್ಚಿದ ಇನ್ನೊಂದು ಎಲೆ ಬಾಯಿಗಿಟ್ಟಳು. ಉರಿಯಲಿಲ್ಲ.

ಆಗ ನಾನು ಗಂಟಿನ ಕಡೆ ನೋಡಿದೆ. ಅದು ಅಜ್ಜಿಯ ಗಂಟಾಗಿರಲಿಲ್ಲ.

ಮೇಲುನೋಟಕ್ಕೆ ಹಾಗೇ ಇತ್ತು. ಆದರೆ ಅಜ್ಜಿ ಬಾಲವನ್ನು ಒಳಗಿನಿಂದ ತರುತ್ತಿದ್ದಳು, ಹಾಲಮ್ಮತ್ತೆ ಹೊರಗಿನಿಂದ ತಂದು ಇನ್ನೊಂದು ಸುತ್ತು ಸುತ್ತಿ ಬಿಗಿದಿದ್ದಳು. ಮಾರನೆಯ ದಿನದಿಂದ ನಾನು ಕಂಡ ಕಂಡ ಗಂಟುಗಳನ್ನೆಲ್ಲ ನೋಡುತ್ತ ಹೋದೆ. ಬಾವಿಯ ಹತ್ತಿರ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಿಂತೆ. ಅವ್ವನಿಗೆ ಬುತ್ತಿ ಕೊಡುವ ನೆಪದಲ್ಲಿ ಭಟ್ಟಿಗೆ ಹೋದೆ. ಒಬ್ಬರದು ಎಡಕ್ಕೆ ತಿರುಗಿತ್ತು, ಒಬ್ಬರದಕ್ಕೆ ಸುತ್ತೇ ಇರಲಿಲ್ಲ, ಭಟ್ಟಿಯವರಂತೂ ಬರೀ ಕುರುಡುಗಂಟು ಹಾಕಿ ಹಲ್ಲಿನಿಂದ ಬಿಚ್ಚುತ್ತಿದ್ದರು. ಎಲ್ಲರೂ ಗಟ್ಟಿಯಾಗಿ ಅಜ್ಜಿಯ ಹೆಸರು ಹೇಳುತ್ತಿದ್ದರು. ಎಲ್ಲಿ ತಪ್ಪಿತೋ, ಯಾರಿಂದ ಯಾರು ತಪ್ಪಾಗಿ ಕಲಿತರೋ. ಹೆಸರು ಹಾಗೇ ಉಳಿದಿತ್ತು, ಗಂಟು ಯಾವತ್ತೋ ಬದಲಾಗಿಬಿಟ್ಟಿತ್ತು. ಮಿಂಚಿಗೆ ಕಿವಿ ಇದೆ, ಕಣ್ಣಿಲ್ಲ. ಕಣ್ಣಿರುವುದು ಬೊಕ್ಕೆಗೆ. ಹೆಸರನ್ನು ಯಾರೂ ತಪ್ಪಿಸದೆ ಇದ್ದುದರಿಂದ ಬೊಕ್ಕೆಯನ್ನು ಕೇಳುವ ಪ್ರಸಂಗವೇ ಬಂದಿರಲಿಲ್ಲ.

ಮನೆಯಲ್ಲಿ ಹೇಳಿದಾಗ ಅಜ್ಜ ಬಹಳ ದಿನದ ಮೇಲೆ ನೆಟ್ಟಗೆ ಕೂತ. ಅವ್ವ ಹಂಚಿನ ಮೇಲಿನ ರೊಟ್ಟಿಯನ್ನು ಮರೆತು ನನ್ನ ಕಡೆ ತಿರುಗಿದಳು. "ಸುಮ್ನಿರೇ. ಊರಿಗೆ ಇದನ್ನ ಹೇಳಿದ್ರೆ ನಮ್ಮವ್ವನ ಹೆಸರು ಅಳಿಸಿ ಹೋಗ್ತದೆ. ನಿಮ್ಮಪ್ಪನ ಹಾಗೆ ಆಗಬೇಕಾ? ಹುಡುಕಿದ್ರೂ ಸಿಗದ ಹಾಗೆ?"

"ಅವಳು ಮಲಗಲಿ ಕಣವ್ವ," ಎಂದ ಅಜ್ಜ.

"ನಿಂಗೆ ಮಲಗಬೇಕು, ಅದಕ್ಕೇ ಹಂಗಂತೀಯ."

"ಹೂಂ, ನಾನೂ ಮಲಗಬೇಕು. ನಿಂಗೂ ಅಪ್ಪ ಇರಬೇಕೋ ಬ್ಯಾಡವೋ?"

ಅವ್ವ ಹಂಚಿನ ಕಡೆ ತಿರುಗಿದಳು. ರೊಟ್ಟಿ ಕಪ್ಪಗಾಗಿತ್ತು. ಅದನ್ನು ತನ್ನ ತಟ್ಟೆಗೇ ಹಾಕಿಕೊಂಡಳು. ಆಮೇಲೆ ಅಜ್ಜನ ಸಡಿಲವಾದ ಉಡಿದಾರವನ್ನು ನೋಡಿದಳು, ನೋಡಿ ಮುಖ ತಿರುಗಿಸಿದಳು. ಬೆಳಿಗ್ಗೆ ನಾನೂ ಅಜ್ಜನೂ ಕಟ್ಟೆಗೆ ಹೊರಟಾಗ ಅವಳು ಭಟ್ಟಿಗೆ ಹೋಗದೆ ನಮ್ಮ ಹಿಂದೆಯೇ ಬಂದಳು.

ಕಟ್ಟೆಯ ಮುಂದೆ ನನ್ನ ಬಾಯಿಂದ ಬಂದದ್ದು ಇಷ್ಟೇ: "ಹೆಸರು ಹೇಳದೆ ಕಟ್ಟಿ ನೋಡಿ." ಅದೂ ಎರಡು ಸಲ ಹೇಳಬೇಕಾಯಿತು. ಕಿವಿ ಬಿಸಿಯಾಗಿ ಊರೆಲ್ಲ ಮಂಜಾಗಿ ಕಂಡಿತು. ಪರಪ್ಪನವರು ಅನುಮಾನದಿಂದಲೇ ಒಂದು ಹಗ್ಗ ತೆಗೆದುಕೊಂಡು ಕಟ್ಟೆಯ ಕಂಬಕ್ಕೆ ಗಂಟು ಹಾಕಿದರು. ತುಟಿ ಬಿಗಿಹಿಡಿದು ಕಾದರು. ಹಮೀದಾಬಿ ಅವರ ಗಲ್ಲ ಹಿಡಿದು ನಾಲಿಗೆ ಚಾಚಿಸಿ ನೋಡಿದರು. "ಏನೂ ಇಲ್ಲ. ಬೀಡಿ ಕಲೆ ಬಿಟ್ರೆ." ಜನ ನಕ್ಕರು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದರು. ಬಾವಿಕಟ್ಟೆಯ ಹೆಂಗಸರು, ಭಟ್ಟಿಯ ಗಂಡಸರು, ಹೋದ ವರ್ಷ ಬಂದ ಸೊಸೆಯರು, ಎಲ್ಲ ಗಂಟು ಹಾಕಿ ಒಬ್ಬರ ಮುಂದೊಬ್ಬರು ನಾಲಿಗೆ ಚಾಚಿ ನಿಂತರು. ಕಟ್ಟೆಯ ಕಂಬದ ತುಂಬ ಗಂಟುಗಳು, ಬೀದಿಯ ತುಂಬ ನಾಲಿಗೆಗಳು. ಯಾರಿಗೂ ಬೊಕ್ಕೆ ಏಳಲಿಲ್ಲ.

"ಹಂಗಾದ್ರೆ ಇಷ್ಟು ದಿನ ನಾವು ಕಟ್ಟಿದ್ದು ಯಾರದ್ದು?" ಎಂದಳು ಹಾಲಮ್ಮತ್ತೆ.

ಒಂದು ಸುತ್ತು ನಮ್ಮತ್ತೆಯದು ಎಂದಳು ಒಬ್ಬಳು. ಎಡಕ್ಕೆ ತಿರುಗಿಸಿದ್ದು ನಾನೇ ಇರಬೇಕು, ನಾನು ಎಡಚ ಎಂದ ಇನ್ನೊಬ್ಬ. ಹಮೀದಾಬಿ ಟೇಪನ್ನು ಕೊರಳಿಗೆ ಹಾಕಿಕೊಂಡು, "ಯಾರು ಹೊಲಿದ್ರೋ ಗೊತ್ತಿಲ್ಲದ ಅಂಗಿಗೆ ನನ್ನ ಹೆಸರು ಹೇಳಿದ್ರೆ ನಂಗೆ ಮರ್ಯಾದೆಯೇನ್ರಿ? ಅದು ಸುಳ್ಳು ಲೆಕ್ಕ. ಇನ್ನು ಸುಮ್ನೆ ಕಟ್ಟಿ, ಸುಮ್ನೆ ಬಿಚ್ಚಿ," ಎಂದರು.

ಆದರೆ ಹಾಲಮ್ಮತ್ತೆಗೆ ನೀರಿನ ಚಿಂತೆ. "ಅಯ್ಯೋ, ಅಷ್ಟಕ್ಕೆ ಯಾಕೆ ಬಿಡಬೇಕು? ನಿಜವಾದ ಗಂಟು ಕಲಿತರಾಯ್ತಪ್ಪ. ಕಲಿತು ಹೆಸರು ಹೇಳಿದ್ರೆ ಸರಿ ಲೆಕ್ಕವೇ ಆಗ್ತದೆ," ಎಂದಳು. ಜನಕ್ಕೆ ಆ ಮಾತು ಹಿಡಿಸಿತು. ನಾನು ಇದನ್ನು ಯೋಚಿಸಿಯೇ ಇರಲಿಲ್ಲ. ಊರೆಲ್ಲ ಸರಿಯಾಗಿ ಕಲಿತರೆ ಹೆಸರು ತಪ್ಪಿಸುವ ಹಾಗೇ ಇರುವುದಿಲ್ಲ. ಅಜ್ಜಿಗೆ ಎಂದೆಂದಿಗೂ ಬಿಡುವಿಲ್ಲ.

"ಇದೆ ಇದೆ! ಸಣ್ಣೀರಮ್ಮನೇ ಕೈಯಾರೆ ಕಟ್ಟಿದ ಗಂಟು ನನ್ನ ಹತ್ರ ಐತೆ," ಎಂದು ಪರಪ್ಪ ಕಟ್ಟೆಯ ಗೂಡಿನಿಂದ ಹಳೆಯ ಗೋಣಿಚೀಲವೊಂದನ್ನು ಎಳೆದು ತಂದರು. ಹಳೇ ವರ್ಷಗಳ ಎಣಿಕೆಯ ಬೀಜಗಳೆಲ್ಲ ಅದರಲ್ಲಿದ್ದವು. ಇಲಿ ಹೋಗದ ಹಾಗೆ ಬಾಯಿ ಕಟ್ಟಿಕೊಡು ಎಂದು ಒಮ್ಮೆ ಅಜ್ಜಿಯನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕರೆತಂದಿದ್ದರು. ನಾನೇ ಅವಳ ಕೈಹಿಡಿದು ಬಂದಿದ್ದೆ. ಅಲ್ಲಿತ್ತು ಗಂಟು, ಚಿಕ್ಕದಾಗಿ, ಅಚ್ಚುಕಟ್ಟಾಗಿ. ಜನ ಮುತ್ತಿಕೊಂಡರು. "ಸರೀರಿ, ಗಾಳಿ ಬಿಡ್ರಿ, ಮುಂದೆ ಹೋಗ್ರಿ," ಎಂದು ಪರಪ್ಪ ಕಂಡಕ್ಟರ್ ದನಿಯಲ್ಲಿ ಗದರಿದರು. "ನೋಡ್ರಿ ಮೊದಲು ಇದರ ಚೆಂದ. ಒಂದೇ ಜಗ್ಗು!" ಎಂದು ಬಾಲ ಹಿಡಿದು ಜಗ್ಗಿಯೇಬಿಟ್ಟರು.

ಸರ್ರನೆ ಬಿಚ್ಚಿಕೊಂಡಿತು. ಚೀಲ ಮಗುಚಿತು. ಊರಿನ ಎಲ್ಲ ಸತ್ತವರ ಎಣಿಕೆಯೂ ಕಟ್ಟೆಯಿಂದ ಬೀದಿಗೆ ಗಲಗಲನೆ ಸುರಿದು, ಚರಂಡಿಯ ತನಕ ಉರುಳಿತು. ಪರಪ್ಪನವರ ಕೈಯಲ್ಲಿ ಉಳಿದದ್ದು ನೆಟ್ಟಗಿನ ಒಂದು ದಾರ.

"ಅಯ್ಯ ಶಿವನೇ," ಎಂದರು ಅವರು. "ಈಗ ಹೆಂಗೆ ಕಟ್ಟಿತ್ತು ಅದು?"

ಎಲ್ಲರೂ ಅಜ್ಜನ ಕಡೆ ತಿರುಗಿದರು. "ಓಬಳಪ್ಪಣ್ಣ, ನಿಂಗೆ ಬರ್ತದಲ್ಲ. ಒಂದು ಸಲ ಕಟ್ಟಿ ತೋರಿಸು." ದಾರವನ್ನು ಅವನ ಕೈಗೆ ಕೊಟ್ಟರು. ಅಜ್ಜ ದಾರವನ್ನು ತಿರುವಿ ನೋಡಿದ. ಒಂದು ಸುತ್ತು ಸುತ್ತಿದ, ಬಿಚ್ಚಿದ. ಮತ್ತೆ ಸುತ್ತಿದ, ಬಿಚ್ಚಿದ. ಕಿಟಕಿಯ ಕಂಬಳಿಗೆ ಕಣ್ಣು ಮುಚ್ಚಿ ಗಂಟು ಹಾಕಿದ್ದ ಬೆರಳುಗಳವು. ಅವನು ತಲೆಯೆತ್ತಿ ಅವ್ವನನ್ನು ನೋಡಿದ. ಅವ್ವನಿಗೂ ಗೊತ್ತಿತ್ತು. ಒಂದು ಮಾತು ಆಡಿದ್ದರೆ ಸಾಕಿತ್ತು. ಅವ್ವ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ನಿಂತಳು.

"ಮರೆತೇ ಹೋಗೈತೆ ಕಣ್ರಪ್ಪ," ಎಂದ ಅಜ್ಜ. "ವಯಸ್ಸಾಯ್ತು."

ಆಮೇಲೆ ಕೆಲವರು ನನ್ನ ಕಡೆಯೂ ನೋಡಿದರು. ನಾನು ತಲೆ ತಗ್ಗಿಸಿದೆ. ಯಾವಾಗಲೂ ಹಾಗೆಯೇ ತಗ್ಗಿಸುತ್ತಿದ್ದೆನಾದ್ದರಿಂದ ಯಾರಿಗೂ ವಿಶೇಷವೆನಿಸಲಿಲ್ಲ. "ಪಾಪ, ಅದಕ್ಕೇನು ಗೊತ್ತಾಗ್ತದೆ, ಶಾಲೆನೂ ಮುಗಿಸಲಿಲ್ಲ," ಎಂದಳು ಹಾಲಮ್ಮತ್ತೆ. ಆ ಮಾತು ಅಷ್ಟು ತಂಪಾಗಿ ನನ್ನ ಕಿವಿಗೆ ಎಂದೂ ಬಿದ್ದಿರಲಿಲ್ಲ.

ಮಿಂಚು ಒಮ್ಮೆಗೇ ನಿಲ್ಲಲಿಲ್ಲ. ಬಾಯಿ ರೂಢಿ ಬಿಡಬೇಕಲ್ಲ. ಯಾರಾದರೂ ಕೊಡ ಕಟ್ಟುತ್ತ ಹೆಸರೆತ್ತಿ, ಅರ್ಧಕ್ಕೆ ನಾಲಿಗೆ ಕಚ್ಚಿಕೊಂಡಾಗ ಅರ್ಧ ಮಿಂಚು ಬರುತ್ತಿತ್ತು. ಅಜ್ಜ "ಮಗ್ಗಲು ಬದಲಾಯಿಸಿದಳು" ಎನ್ನುತ್ತಿದ್ದ. ದಿನ ಕಳೆದಂತೆ ಅದೂ ವಿರಳವಾಯಿತು. ನೀರು ಮೇಲಿನ ಬೀದಿಗೆ ಮೊದಲು ಹೋಯಿತು. ಚಟ್ನಿ, ಸಂಡಿಗೆಯವರು ಕಷ್ಟಪಟ್ಟದ್ದಕ್ಕೂ ಫಲ ಸಿಕ್ಕಿತು. ಹಾಲಮ್ಮತ್ತೆ ಎರಡು ವಾರ ನಮ್ಮ ಮನೆಯ ಕಡೆ ಮುಖ ಹಾಕಲಿಲ್ಲ. ಆಮೇಲೆ ಕೂಸು ನಡೆಯತೊಡಗಿತೆಂದು ಬೆಲ್ಲ ಹಂಚಲು ಬಂದಳು. ಪರಪ್ಪನವರು ಹೊಸ ಚೀಲ ಶುರುಮಾಡಿದ್ದಾರೆ. ಅದರ ಬಾಯಿಗೆ ಈಗ ಗುಂಡಿ ಹೊಲಿಸಿದ್ದಾರೆ.

ಒಂದು ಸಂಜೆ ಅವ್ವ ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಮ್ಮ ಮಾಡು ಕಪ್ಪಗೆ, ತಣ್ಣಗೆ ಇತ್ತು. ಆಗ ಸೂರಿನ ಮೂಲೆಯಲ್ಲಿ, ಅಪ್ಪ ಮಲಗುತ್ತಿದ್ದ ಕಡೆ, ಹಳದಿ ಬಣ್ಣದ ಒಂದು ಸಣ್ಣ ಮಿಂಚು ಬಂತು. ಅವ್ವ ಅಲ್ಲೇ ಕೂತಿದ್ದರಿಂದ ಓಡಬೇಕಾಗಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು. ನೋಡುತ್ತಿದ್ದಂತೆ ಮತ್ತೂ ಒಂದು. "ಇದು ದಿನಾ ಬರ್ತಿತ್ತೇನೇ?" ಎಂದಳು ಅವ್ವ. "ಅಷ್ಟು ಬೆಳಕಿನಲ್ಲಿ ನಂಗೆ ಕಾಣ್ತಾನೇ ಇರಲಿಲ್ಲ." ಬೂದಿ ಮೆತ್ತಿದ ಕೈಯನ್ನು ತೊಳೆಯದೆ ಹಾಗೇ ಕೂತಳು. ದೂರದಲ್ಲಿ ದನಗಳು ಮನೆಗೆ ಬರುತ್ತಿದ್ದವು. ಕಿವಿಗೊಟ್ಟರೆ ಪೀಪಿಯೂ ಕೇಳಿಸುತ್ತಿತ್ತು.

ನಿನ್ನೆ ಊಟವಾದ ಮೇಲೆ ಅಜ್ಜ ಮಂಚದ ಮೇಲೆ ಕಾಲು ಚಾಚಿದ. ಟವೆಲ್ಲು ಹಾಕಿಕೊಳ್ಳಲಿಲ್ಲ. ನಾನು ಕಿಟಕಿಯ ಬಳಿ ಹೋಗಿ ಕಂಬಳಿಯ ಒಂದೊಂದೇ ಮೂಲೆಯ ಬಾಲ ಹಿಡಿದು ಜಗ್ಗಿದೆ. ನಾಲ್ಕೂ ಸರ್ರನೆ ಬಿಚ್ಚಿಕೊಂಡವು. ಬಿಸಿಲು ನೆಲದ ಮೇಲೆ ಚಾಪೆಯಷ್ಟು ಬಿತ್ತು, ಗಾಳಿ ಬಂತು. ತಿರುಗಿ ನೋಡಿದಾಗ ಅಜ್ಜನ ಬಾಯಿ ತೆರೆದುಕೊಂಡಿತ್ತು, ಗೊರಕೆ ಸಣ್ಣಗೆ ಶುರುವಾಗಿತ್ತು. ಅಜ್ಜಿಯ ಚಾಪೆಯನ್ನು ಬಿಡಿಸಿ, ತಲೆಗೆ ಕೈ ಮಡಿಸಿ ಇಟ್ಟುಕೊಂಡು ನಾನೂ ಮಲಗಿದೆ. ಮೇಲೆ ಹೆಂಚಿನ ಸಂದುಗಳಲ್ಲಿ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಕಣ್ಣು ಹತ್ತುವ ಹೊತ್ತಿಗೆ ಬೀದಿಯಿಂದ ಹಾಲಮ್ಮತ್ತೆಯ ದನಿ ಬಂತು.

"ಕೆಂಚೀ, ಲೇ ಕೆಂಚೀ! ಮೆಣಸಿನಕಾಯಿ ಚೀಲದ ಗಂಟು ಬಿಗಿದುಕೊಂಡುಬಿಟ್ಟೈತೆ. ಒಂಚೂರು ಬಂದು ಬಿಚ್ಚಿಕೊಡೇ."